ಆರನೆಯ ದೀಪ, ಹನ್ನೊಂದನೆಯ ದೀಪ

ದೀಪಗಳನ್ನು ಅದಲುಬದಲು ಮಾಡಿದವನು ನಾನು. ಆರನೆಯ ದೀಪ ಇರಬೇಕಾದ ಕಡೆ ಹನ್ನೊಂದನೆಯದನ್ನು, ಹನ್ನೊಂದನೆಯದು ಇರಬೇಕಾದ ಕಡೆ ಆರನೆಯದನ್ನು ಸಿಕ್ಕಿಸಿದವನು ನಾನು. ಅದರಿಂದ ಒಬ್ಬ ಹೆಣ್ಣುಮಗಳ ಎಡಗಣ್ಣು ಹೋಯಿತು. ಆ ಕಣ್ಣು ತಮ್ಮ ತಪ್ಪಿನಿಂದ ಹೋಯಿತೆಂದು ಅವಳ ಅಣ್ಣ ಹದಿನಾರು ವರ್ಷ ನಂಬಿಕೊಂಡಿದ್ದರು. ನಾನು ನಂಬಲು ಬಿಟ್ಟೆ — ಬಿಟ್ಟೆ ಎನ್ನುವುದೂ ಪೂರ್ತಿ ನಿಜವಲ್ಲ. ಅವರು ಎದುರು ನಿಂತು ನೇರವಾಗಿ ಕೇಳಿದಾಗ ಸುಳ್ಳು ಹೇಳಿ ನಂಬಿಸಿದೆ.

ಇಷ್ಟನ್ನು ಬರೆಯುವುದಕ್ಕೆ ಎಷ್ಟು ಸಲ ಕೂತಿದ್ದೇನೋ. ಪ್ರತಿ ಸಲವೂ ಮೊದಲ ವಾಕ್ಯ ಬೇರೆ ಥರ ಬರುತ್ತಿತ್ತು. "ಆ ದಿನ ಹೇಗೋ ದೀಪಗಳು ಅದಲುಬದಲಾಗಿದ್ದವು" ಎಂದು ಬರೆಯುತ್ತಿದ್ದೆ. ದೀಪಗಳು ತಾವಾಗಿ ಅದಲುಬದಲಾಗುವುದಿಲ್ಲ. ಈ ಸಲ ಸರಿಯಾಗಿ ಬರೆದಿದ್ದೇನೆ.

ನನ್ನ ಹೆಸರು ಮುನಿರಾಜು. ಗೌರಿಬಿದನೂರಿನ ಕಡೆಯವನು. ಡಿಪ್ಲೊಮಾ ಮುಗಿಸಿ ಚಿಕ್ಕಬಳ್ಳಾಪುರದ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವನು ಇವತ್ತಿಗೂ ಅಲ್ಲೇ ಇದ್ದೇನೆ. ನಾನು ಹೇಳುತ್ತಿರುವ ಕಾಲಕ್ಕೆ ಚಿಕ್ಕಬಳ್ಳಾಪುರ ಆಗಷ್ಟೇ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ನನಗೆ ನಲವತ್ತರ ಆಸುಪಾಸು. ಎಷ್ಟೋ ವರ್ಷಗಳಿಂದ ತಾತ್ಕಾಲಿಕ ನೌಕರನಾಗಿಯೇ ಇದ್ದೆ. ಆ ವರ್ಷ ಕಾಯಂ ಮಾಡುತ್ತಾರೆಂಬ ಮಾತು ಕಿವಿಗೆ ಬಿದ್ದಿತ್ತು. ಈ ವಿಷಯ ಹೇಳುತ್ತಿರುವುದು ಕಾರಣವಾಗಿ ಅಲ್ಲ. ಆಗ ನಾನು ಯಾವುದಕ್ಕೆ ಹೆದರುತ್ತಿದ್ದೆ ಎಂಬುದು ತಿಳಿದಿರಲಿ ಎಂದು, ಅಷ್ಟೆ.

ಆನಂದ್ ಸರ್ ನಮ್ಮ ಕಾಲೇಜಿಗೆ ಲೆಕ್ಚರರ್ ಆಗಿ ಬಂದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಶಿಡ್ಲಘಟ್ಟದಿಂದ ನಾಲ್ಕು ಮೈಲಿ ಆಚೆ ಅವರ ಊರು. ತಂದೆಯ ಕಾಲದಲ್ಲೇ ಬೌದ್ಧರಾದ ಕುಟುಂಬ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಆ ಊರಿನ ಆ ಕೇರಿಯಿಂದ ಇಂಜಿನಿಯರಿಂಗ್ ಓದಿ ಪಾಠ ಹೇಳುವ ಹಂತಕ್ಕೆ ಬಂದವರು ಅವರೇ ಮೊದಲು. ಅವರು ಓದಲಿ ಎಂದು ತಂಗಿ ಭಾಗ್ಯ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪ ಕಟ್ಟಿಸಿದ್ದ ರೇಷ್ಮೆ ಹುಳುಮನೆಯನ್ನು ತಾನೇ ನೋಡಿಕೊಂಡಿದ್ದಳು. ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಬೆಳೆ ಹೇಗಿದೆ ಎಂದು ಹೇಳುತ್ತಿದ್ದ ಹುಡುಗಿ.

ಸರ್ ನನ್ನನ್ನು ಮುನಿರಾಜಣ್ಣ ಎನ್ನುತ್ತಿದ್ದರು. ಲ್ಯಾಬಿನಲ್ಲಿ ಬೇರೆ ಯಾರೂ ನನ್ನನ್ನು ಹಾಗೆ ಕರೆದವರಲ್ಲ.

ಈಗ ಮದುವೆ ಮನೆಗಳಲ್ಲೂ ಡ್ರೋನ್ ಹಾರುತ್ತದೆ. ಆಗ ಆ ಹೆಸರೇ ನಮಗೆ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ನಾಲ್ಕು ತುದಿಗೆ ನಾಲ್ಕು ಮೋಟರು, ನಾಲ್ಕು ರೆಕ್ಕೆ — ಸರ್ ಅದನ್ನು ಹಾರುಯಂತ್ರ ಎನ್ನುತ್ತಿದ್ದರು. ಭಾಗ್ಯ ಅದಕ್ಕೆ ಏರೋಪ್ಲೇನ್ ಚಿಟ್ಟೆ ಎಂದು ಹೆಸರಿಟ್ಟಿದ್ದಳು. ಹುಳುಮನೆಯಲ್ಲಿ ಒಂದು ಮೂಲೆ ಕಾವೇರಿದರೂ, ಒಂದು ಮೂಲೆ ತೇವ ಹಿಡಿದರೂ ಹುಳು ಕಾಯಿಲೆ ಬೀಳುತ್ತವೆ. ಯಂತ್ರ ತಾನಾಗಿ ಹುಳದ ತಟ್ಟೆಗಳ ಮೇಲೆ ಸುತ್ತಿ, ಎಲ್ಲಿ ಎಷ್ಟು ಶಾಖ, ಎಲ್ಲಿ ಎಷ್ಟು ತೇವ ಎಂದು ಅಳೆದುಕೊಂಡು ಬರಬೇಕು — ಇದು ಸರ್ ಅವರ ಆಸೆ. ಇದರ ಗಾಳಿಗೇ ನನ್ನ ಹುಳ ಸೊಪ್ಪು ಬಿಡ್ತವೆ ಎಂದು ಭಾಗ್ಯ ನಗುತ್ತಿದ್ದಳು. ಗಾಳಿಯ ವಿಷಯ ಆಮೇಲೆ ನೋಡೋಣ, ಮೊದಲು ತಾನೆಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಾಗಲಿ ಎಂದು ಸರ್ ಹೇಳುತ್ತಿದ್ದರು.

ಕಷ್ಟವಿದ್ದದ್ದು ಅಲ್ಲೇ. ಬಯಲಿನಲ್ಲಾದರೆ ಆಕಾಶದ ಉಪಗ್ರಹಗಳು ದಾರಿ ಹೇಳುತ್ತವೆ. ಮುಚ್ಚಿದ ಮನೆಯೊಳಗೆ ಆ ಸಂಕೇತ ಬರುವುದಿಲ್ಲ. ಅದಕ್ಕೆ ಸರ್ ದೀಪದ ಉಪಾಯ ಹುಡುಕಿದರು. ಚಾವಣಿಗೆ ಹದಿನಾರು ದೀಪ. ಪ್ರತಿಯೊಂದೂ ತನ್ನದೇ ವೇಗದಲ್ಲಿ ಮಿನುಗುತ್ತದೆ. ಆ ಮಿನುಗು ಎಷ್ಟು ಚುರುಕೆಂದರೆ ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಸಮ ಉರಿದಂತೆ ಕಾಣುತ್ತದೆ. ಯಂತ್ರದ ನೆತ್ತಿಯ ಮೇಲೆ ಕೂರಿಸಿದ್ದ ಬೆಳಕಿನ ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತು. ಇದು ಆರನೆಯ ದೀಪ, ಇದು ಹನ್ನೊಂದನೆಯದು ಎಂದು ಗುರುತಿಸಿ, ಅವು ಯಾವ ಕೋನದಲ್ಲಿ ಕಾಣುತ್ತಿವೆ ಎನ್ನುವುದರಿಂದ ತಾನು ನಿಂತ ಜಾಗವನ್ನು ಅದು ಲೆಕ್ಕ ಹಾಕಿಕೊಳ್ಳುತ್ತಿತ್ತು. ಆ ಲೆಕ್ಕವೆಲ್ಲ ಸರ್ ಬರೆದದ್ದು. ದೀಪಗಳನ್ನು ಮಾಡಿದ್ದು, ತೂಗುಹಾಕಿದ್ದು, ನೋಡಿಕೊಂಡದ್ದು ನಾನು. ಒಂದು ದೀಪ ಬೇರೊಂದರ ಜಾಗದಲ್ಲಿದ್ದರೆ ಯಂತ್ರ ತಾನಿಲ್ಲದ ಜಾಗದಲ್ಲಿ ಇದ್ದೇನೆಂದು ತಿಳಿಯುತ್ತದೆ — ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಸರ್ ಒಂದು ಕಟ್ಟುನಿಟ್ಟು ಮಾಡಿದ್ದರು. ಒಂದು ಸಲಕ್ಕೆ ಒಂದೇ ದೀಪ ಇಳಿಸಬೇಕು. ಮತ್ತೆ ಹಾಕಿದ ಮೇಲೆ ಚಿಕ್ಕ ಮೀಟರನ್ನು ಅದರ ಕೆಳಗೆ ಹಿಡಿದು, ಮಿನುಗಿನ ಸಂಖ್ಯೆ ನೋಡಿ, ಹಾಳೆಯಲ್ಲಿ ಗುರುತು ಹಾಕಬೇಕು.

ಒಂದು ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಭಾಗ್ಯ ಹುಳುಮನೆಯನ್ನು ತೊಳೆದು ಕೆಲವು ದಿನ ಖಾಲಿ ಬಿಡುತ್ತಿದ್ದಳು. ಆ ಖಾಲಿ ದಿನಗಳಲ್ಲೇ ನಮ್ಮ ಪ್ರಯೋಗ. ಆ ಸಲ ಪ್ರಿನ್ಸಿಪಾಲರು, ಇಲಾಖೆಯ ಕೆಲವು ಅಧಿಕಾರಿಗಳು, ಸುತ್ತಲಿನ ರೈತರು ನೋಡಲು ಬರುವವರಿದ್ದರು. ಅದಕ್ಕೆ ಎರಡು ದಿನ ಮುಂಚೆ ದೀಪ ಒರೆಸಲು ನಾನೊಬ್ಬನೇ ಹೋದೆ. ಏಣಿಯನ್ನು ಪದೇ ಪದೇ ಎಳೆಯಲು ಬೇಸರವಾಗಿ ಉತ್ತರದ ಕಡೆಯ ಎರಡು ದೀಪಗಳನ್ನು ಒಟ್ಟಿಗೆ ಇಳಿಸಿ ನೆಲದ ಮೇಲಿಟ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ದೀಪಗಳ ಬೆನ್ನಿಗೆ ಅಂಟಿಸಿದ್ದ ನಂಬರಿನ ಚೀಟಿಗಳು ನೆನೆದು ಎರಡೂ ಕಿತ್ತುಕೊಂಡು ಬಂದವು. ಯಾವುದು ಯಾವುದರದೋ — ಒಂದು ಕ್ಷಣ ನೋಡಿದೆ. ಮೀಟರು ಬಾಗಿಲ ಬಳಿ ಚೀಲದಲ್ಲಿತ್ತು. ಹತ್ತು ಹೆಜ್ಜೆ ದೂರ. ಬಸ್ಸಿನ ಹೊತ್ತಾಗಿತ್ತು. ಇದೇ ಇರಬೇಕು ಎಂದುಕೊಂಡು ಅಂಟಿಸಿದೆ, ಮೇಲೆ ಹಾಕಿದೆ. ಹಾಳೆಯಲ್ಲಿ ಹದಿನಾರಕ್ಕೂ ಒಂದೇ ಉಸಿರಿನಲ್ಲಿ ಗುರುತು ಎಳೆದೆ.

ಹತ್ತು ಹೆಜ್ಜೆ.

ಪ್ರಯೋಗದ ದಿನ ಬೆಳಿಗ್ಗೆ ಹನ್ನೊಂದರ ಸುಮಾರು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಹೊರಗಿನ ಬೆಳಕು ಬಿದ್ದರೆ ಯಂತ್ರದ ಕಣ್ಣು ಗಲಿಬಿಲಿಗೊಳ್ಳುತ್ತದೆ ಎಂದು. ಬಂದವರೆಲ್ಲ ದಕ್ಷಿಣದ ತುದಿಯಲ್ಲಿ ನೈಲಾನ್ ಬಲೆಯ ಹಿಂದೆ ನಿಂತಿದ್ದರು. ಉತ್ತರದ ಮೂಲೆಯ ಕಿಟಕಿಯ ಬಟ್ಟೆ ಮಾತ್ರ ಗಾಳಿಗೆ ಎದ್ದೆದ್ದು ಬೀಳುತ್ತಿತ್ತು. ಸರ್ ತಂಗಿಯನ್ನು ಕರೆದು, ಅಲ್ಲಿ ನಿಂತು ಬಟ್ಟೆ ಹಿಡಿದುಕೊ ಎಂದರು. ಯಂತ್ರ ಆ ಮೂಲೆಗೆ ಬರುವುದೇ ಇಲ್ಲ. ಅದರ ಗಡಿಯನ್ನು ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿದ್ದರು. ಗೆರೆಯಿಂದಾಚೆ ನಿಂತವರಿಗೆ ಏನೂ ಆಗದು. ಅವರ ಲೆಕ್ಕದಲ್ಲಿ ಅದು ನಿಜವೂ ಆಗಿತ್ತು.

ನನ್ನ ಕೆಲಸ ಎರಡು. ಕಂಪ್ಯೂಟರಿನ ಪರದೆ ನೋಡುವುದು. ಕೈಯಲ್ಲಿ ಕೆಂಪು ಸ್ವಿಚ್ಚು ಹಿಡಿದಿರುವುದು — ಏನಾದರೂ ಹೆಚ್ಚುಕಡಿಮೆಯಾದರೆ ಒತ್ತಬೇಕು, ಒತ್ತಿದರೆ ಮೋಟರುಗಳು ನಿಂತು ಯಂತ್ರ ಇದ್ದಲ್ಲೇ ಬೀಳುತ್ತದೆ.

ಯಂತ್ರ ಎದ್ದಿತು. ಜೇನುಗೂಡು ಕೆಣಕಿದ ಹಾಗೆ ಸದ್ದು. ಮನೆಯ ದಕ್ಷಿಣದ ಅರ್ಧದಲ್ಲಿ ಚೆನ್ನಾಗಿಯೇ ಸುತ್ತಿತು. ಜನ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ನನ್ನ ಪಕ್ಕದಲ್ಲೇ ನಿಂತು ಅಧಿಕಾರಿಯೊಬ್ಬರಿಗೆ ಏನೋ ವಿವರಿಸುತ್ತ ನಗುತ್ತಿದ್ದರು. ಆಮೇಲೆ ಅದು ಉತ್ತರಕ್ಕೆ ತಿರುಗಿತು.

ಪರದೆಯ ಮೇಲಿನ ಹಸಿರು ಚುಕ್ಕೆ ಮನೆಯ ನಟ್ಟನಡುವೆ ಇತ್ತು. ತಲೆಯೆತ್ತಿ ನೋಡಿದೆ. ಯಂತ್ರ ನಡುವೆ ಇರಲಿಲ್ಲ.

ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು — ಒದ್ದೆ ಬಟ್ಟೆ, ನೆಲದ ಮೇಲಿನ ಎರಡು ಚೀಟಿ, ಬಾಗಿಲ ಬಳಿಯ ಚೀಲ. ಯಂತ್ರ ಸುಣ್ಣದ ಗೆರೆ ದಾಟುತ್ತಿತ್ತು. ತಾನು ನಡುವೆ ಇದ್ದೇನೆಂದೇ ಅದಕ್ಕೆ ನಂಬಿಕೆ. ಸ್ವಿಚ್ಚು ನನ್ನ ಕೈಯಲ್ಲಿತ್ತು. ಹೆಬ್ಬೆರಳು ಅದರ ಮೇಲೇ ಇತ್ತು. ಒತ್ತಿದರೆ ಯಂತ್ರ ಎಲ್ಲರೆದುರಿಗೆ ಬಿದ್ದು ಒಡೆಯುತ್ತದೆ. ಯಾಕೆ ಒತ್ತಿದೆ ಎಂದು ಕೇಳುತ್ತಾರೆ. ದೀಪ ನೋಡುತ್ತಾರೆ. ಹಾಳೆ ನೋಡುತ್ತಾರೆ. ಗುರುತು ಹಾಕಿದವನು ಯಾರೆಂದು — ಇದೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಎರಡು ಉಸಿರು, ಮೂರು ಉಸಿರು. ಅದೇ ತಿರುಗೀತು, ಅದೇ ಸರಿಹೋದೀತು ಎಂದು ಕಾದೆ. ಭಾಗ್ಯ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅದು ತನ್ನ ಕಡೆಗೆ ಬರುತ್ತಿರುವುದನ್ನು ಅವಳು ಕಂಡಳು. ಕಂಡೂ ಕದಲಲಿಲ್ಲ.

ನಾನು ಒತ್ತಿದೆ. ಒತ್ತಿದಾಗ ಅವಳ ಕೂಗು ಆಗಲೇ ಕೇಳಿಸಿತ್ತು.

ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಮೊದಲು ಶಿಡ್ಲಘಟ್ಟಕ್ಕೆ, ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋದರು. ಸರ್ ಅವರ ಬಿಳಿ ಅಂಗಿಯ ಎದೆಯೆಲ್ಲ ಕೆಂಪಾಗಿತ್ತು. ಜೀಪು ಹತ್ತುವಾಗ ಅವರು ನನ್ನ ಕಡೆ ತಿರುಗಿ, ದೀಪಗಳನ್ನು ಜೋಪಾನವಾಗಿ ಇಳಿಸಿಡಿ ಎಂದರು. ಅಂಥ ಹೊತ್ತಿನಲ್ಲೂ ಅವರಿಗೆ ನನ್ನ ಮೇಲೆ ಆ ನಂಬಿಕೆ.

ಮಾರನೆಯ ದಿನ ಹುಳುಮನೆಗೆ ಹೋದೆ. ನೆಲವನ್ನು ಯಾರೋ ತೊಳೆದಿದ್ದರು. ಬಾಗಿಲು ಹಾಕಿಕೊಂಡು, ಈ ಸಲ ಮೀಟರು ತೆಗೆದು, ಉತ್ತರದ ಎರಡು ದೀಪಗಳ ಕೆಳಗೆ ಹಿಡಿದೆ. ಮೀಟರು ತೋರಿಸಿದ್ದು ನನಗೆ ಗೊತ್ತಿದ್ದದ್ದನ್ನೇ. ಎಷ್ಟೋ ಹೊತ್ತು ಏಣಿಯ ಮೇಲೇ ಕೂತಿದ್ದೆ. ಹೊರಗೆ ಯಾರದೋ ಹೆಜ್ಜೆ ಸದ್ದಾಯಿತು. ಬರೀ ದನ. ಆದರೆ ಆ ಸದ್ದಿಗೆ ನನ್ನ ಕೈಗಳು ತಾವೇ ತೀರ್ಮಾನಿಸಿದಂತೆ ಕೆಲಸ ಮಾಡಿದವು. ಹದಿನಾರು ದೀಪಗಳನ್ನೂ ಇಳಿಸಿ, ಹದಿನಾರು ಚೀಟಿಗಳನ್ನೂ ಕಿತ್ತು ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ದೀಪಗಳನ್ನು ಒಂದೇ ಗೋಣಿಗೆ ತುಂಬಿ ಕಲಸಿಟ್ಟೆ. ಕೈಗಳು ಎಂದು ಬರೆದೆನಲ್ಲ — ಕೈಗಳಲ್ಲ, ನಾನು.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಸರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಮುನಿರಾಜಣ್ಣ, ಇಳಿಸುವಾಗ ದೀಪಗಳೆಲ್ಲ ಅವವುಗಳ ಜಾಗದಲ್ಲೇ ಇದ್ವಾ?"

"ಇದ್ವು ಸರ್. ಒಂದೊಂದನ್ನೂ ಚೆಕ್ ಮಾಡಿಯೇ ಇಳಿಸಿದೆ."

ಅವರು ತಲೆಯಾಡಿಸಿದರು. ನನ್ನ ಮುಖವನ್ನು ಅನುಮಾನದಿಂದ ನೋಡಿದ್ದರೆ, ಇನ್ನೊಂದು ಸಲ ಕೇಳಿದ್ದರೆ — ಇಲ್ಲ, ಅವರು ಏನು ಮಾಡಬೇಕಿತ್ತು ಎಂದು ನಾನು ಬರೆಯಕೂಡದು.

"ನೀವು ನೋಡಿದೀರ ಅಂದ್ರೆ ಸಾಕು," ಎಂದರು. "ಹಾಗಾದ್ರೆ ನನ್ನ ಲೆಕ್ಕಾನೇ ತಪ್ಪು."

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಸ್ವಿಚ್ಚು ಯಾಕೆ ಬೇಗ ಒತ್ತಲಿಲ್ಲ ಎಂದು ನನ್ನನ್ನು ಕೇಳಿದರು. ಒತ್ತಿದೆ, ಅದು ನಿಲ್ಲುವುದು ತಡವಾಯಿತು ಎಂದೆ. ಆನಂದ್ ಸರ್ ಎದ್ದು ನಿಂತು, ಅವರನ್ನು ಕೇಳಬೇಡಿ, ತಂಗಿಯನ್ನು ಅಲ್ಲಿ ನಿಲ್ಲಿಸಿದವನು ನಾನು, ಲೆಕ್ಕ ಬರೆದವನು ನಾನು ಎಂದು ಹೇಳಿ ಕೂತರು. ಯಾರೂ ಮತ್ತೆ ನನ್ನ ಕಡೆ ನೋಡಲಿಲ್ಲ. ಹದಿನಾರು ಗುರುತುಗಳ ಆ ಹಾಳೆ ಫೈಲಿನಲ್ಲಿ ಎಲ್ಲ ಸರಿಯಿತ್ತೆಂಬ ಸಾಕ್ಷಿಯಾಗಿ ಸೇರಿತು.

ಸ್ಟಾಫ್ ರೂಮಿನಲ್ಲಿ ಒಬ್ಬರು ಚಹಾ ಹೀರುತ್ತ, ಇಂಥವರ ಕೈಗೆ ಅಂಥ ಕೆಲಸ ಕೊಟ್ಟರೆ ಇನ್ನೇನಾಗುತ್ತೆ ಎಂದರು. ಇಂಥವರು ಎಂದರೆ ಯಾರೆಂದು ಎಲ್ಲರಿಗೂ ಅರ್ಥವಾಯಿತು. ಅಲ್ಲಿದ್ದ ನಾಲ್ಕೈದು ಜನ ಕಪ್ಪಿನೊಳಗೆ ನೋಡಿದರು. ಫ್ಯೂಸ್ ಬದಲಾಯಿಸಲು ಸ್ಟೂಲಿನ ಮೇಲೆ ಹತ್ತಿದ್ದ ನಾನೂ ಕೇಳಿಸಿಕೊಂಡೆ. ನನ್ನ ಸುಳ್ಳು ಅಷ್ಟು ಸುಲಭವಾಗಿ ನಿಂತದ್ದು ಯಾಕೆಂದು ಆಗ ಹೊಳೆಯಿತು. ತಪ್ಪು ಅವರದೇ ಇರಲಿ ಎಂದು ಕಾಯುತ್ತಿದ್ದವರು ಬೇಕಾದಷ್ಟು ಜನ ಇದ್ದರು. ಅವರ ಕೈಗೆ ನಾನು ಅದನ್ನು ಇಟ್ಟಿದ್ದೆ. ಫ್ಯೂಸ್ ಹಾಕಿ ಕೆಳಗಿಳಿದೆ.

ಸರ್ ರಾಜೀನಾಮೆ ಕೊಟ್ಟು ಊರಿಗೆ ಹೋದರು. ಶಿಡ್ಲಘಟ್ಟದಲ್ಲಿ ಒಂದು ರೂಮು ಹಿಡಿದು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳತೊಡಗಿದರು. ಮುಂದೆ ಓದಬೇಕೆಂದಿದ್ದರು, ಅದು ನಿಂತಿತು. ಭಾಗ್ಯಳಿಗೆ ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರು ಮತ್ತೆ ಮಾತಾಡಲಿಲ್ಲ. ಅವಳು ಹುಳು ಸಾಕುವುದನ್ನು ಬಿಡಲಿಲ್ಲ. ನನ್ನನ್ನು ಆ ವರ್ಷವೇ ಕಾಯಂ ಮಾಡಿದರು.

ಆಮೇಲಿನ ವರ್ಷಗಳ ಬಗ್ಗೆ ಏನು ಬರೆಯಲಿ? ಭಯದಲ್ಲೇ ಬದುಕಿದೆ ಎಂದರೆ ಜನ ಮರುಗಿಯಾರು. ಅದು ನನಗೆ ಬೇಡ. ಆದರೆ ಇದ್ದದ್ದು ಅದೇ. ಯಾವ ಸಭಾಂಗಣಕ್ಕೆ ಹೋದರೂ ಮೊದಲು ಚಾವಣಿ ನೋಡಿ ದೀಪ ಎಣಿಸುತ್ತಿದ್ದೆ. ಟ್ಯೂಬ್‌ಲೈಟು ಮಿನುಗಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಮಿಕ್ಸಿಯ ಸದ್ದಿಗೆ ಬೆನ್ನು ಬೆವರುತ್ತಿತ್ತು. ನಿದ್ದೆಯಲ್ಲಿ ಕಿರುಚುತ್ತೇನೆಂದು ನನ್ನ ಹೆಂಡತಿ ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋದಳು. ನಮ್ಮ ಕಡೆ ಎಲ್ಲ ಜಾತಿಯವರೂ ಹೋಗುತ್ತಾರೆ. ಅಲ್ಲಿ ಕೂತಿದ್ದ ಹಿರಿಯರೊಬ್ಬರು, ಏನಕ್ಕಪ್ಪ ಹೆದರ್ತೀಯ ಎಂದು ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ಗೊತ್ತಿಲ್ಲ ಎಂದೆ. ಆ ಜಾಗದಲ್ಲಿ ಕೂತೂ ಗೊತ್ತಿಲ್ಲ ಎಂದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ಸರ್ ಅವರ ಫೋನಿಗೆ. ವರ್ಷಕ್ಕೆ ಎರಡು ಸಲ, ಮೂರು ಸಲ ಮಾಡುತ್ತಿದ್ದರು. ನನ್ನ ಮೇಲೆ ಅನುಮಾನಪಟ್ಟು ಅಲ್ಲ. ಲೆಕ್ಕದ ತಪ್ಪು ಇನ್ನೂ ಸಿಕ್ಕಿರಲಿಲ್ಲ. ಆ ದಿನದ ಅಂಕಿಗಳನ್ನೆಲ್ಲ ಇಟ್ಟುಕೊಂಡು ಮತ್ತೆ ಮತ್ತೆ ಹುಡುಕುತ್ತಿದ್ದರು. ಗೋಡೆಗೆ ಒರಗಿಸಿದ್ದ ತಗಡಿನಿಂದ ಬೆಳಕು ಪ್ರತಿಫಲಿಸಿತ್ತೇ? ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಿತ್ತೇ? ವೋಲ್ಟೇಜು ಇಳಿದಿತ್ತೇ? ಪ್ರತಿ ಪ್ರಶ್ನೆಗೂ ನಾನು ಯೋಚಿಸಿದಂತೆ ನಟಿಸಿ ಇಲ್ಲ ಸರ್ ಎನ್ನುತ್ತಿದ್ದೆ. ಇಲ್ಲದ ತಪ್ಪನ್ನು ಅವರು ಹುಡುಕುತ್ತಲೇ ಇದ್ದರು. ಅದು ಅಲ್ಲಿಲ್ಲ ಎಂದು ಬಲ್ಲವನು ನಾನೊಬ್ಬನೇ. ಕೊನೆಗೆ ಯಾವಾಗಲೂ, ನಿಮಗೆ ತೊಂದರೆ ಕೊಟ್ಟೆ ಎಂದು ಹೇಳಿ ಫೋನಿಡುತ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಫೋನು ಬಂತು. ಅವರ ದನಿ ಬೇರೆಯಾಗಿತ್ತು. ಹಗುರವಾಗಿತ್ತು.

"ಸಿಕ್ತು ಮುನಿರಾಜಣ್ಣ. ನನ್ನದೇ ತಪ್ಪು. ಒಂದು ಕೋನಾನ ಉಲ್ಟಾ ಹಿಡಿದಿದ್ದೆ. ಇವತ್ತು ಭಾಗ್ಯಂಗೂ ಕಾಗದ ತೋರಿಸಿ ಹೇಳ್ದೆ."

ಇನ್ನು ಹುಡುಕುವುದಿಲ್ಲ, ಮನಸ್ಸು ನಿರಾಳವಾಯಿತು ಎಂದರು. ಇಷ್ಟು ವರ್ಷ ಸಹಿಸಿಕೊಂಡಿರಿ ಎಂದು ನನಗೇ ವಂದನೆ ಹೇಳಿದರು.

ಫೋನಿಟ್ಟ ಮೇಲೆ ಲ್ಯಾಬಿನ ಬೆಂಚಿನ ಮೇಲೆ ಕೂತುಬಿಟ್ಟೆ. ಎಲ್ಲ ಮುಗಿದಿತ್ತು. ಅವರಿಗೆ ತಪ್ಪು ಸಿಕ್ಕಿತ್ತು, ಭಾಗ್ಯಳಿಗೆ ಉತ್ತರ ಸಿಕ್ಕಿತ್ತು, ಇನ್ನು ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಾನು ಇಷ್ಟು ವರ್ಷ ಬೇಡಿಕೊಂಡಿದ್ದು ಇದನ್ನೇ. ಆದರೆ ಅಷ್ಟೊಂದು ಹೆದರಿದ್ದು ನನ್ನ ಬದುಕಿನಲ್ಲೇ ಇಲ್ಲ. ಯಾಕೆಂದರೆ ಅವರು ತಮ್ಮ ತಂಗಿಯ ಮುಂದೆ ನಿಂತು, ನಿನ್ನ ಕಣ್ಣು ಕಳೆದವನು ನಾನೇ, ಇಗೋ ಇಲ್ಲಿದೆ ಎಂದು ಕಾಗದ ತೋರಿಸಿದ್ದರು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಇನ್ನು ನಾನು ಸತ್ತರೆ ಅದೇ ನಿಜವಾಗಿ ಉಳಿಯುತ್ತದೆ.

ಆ ಭಾನುವಾರ ಶಿಡ್ಲಘಟ್ಟದ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ಇಳಿಯಲು ಎದ್ದು ನಿಂತೆ. ಮತ್ತೆ ಕೂತೆ. ಬಸ್ಸು ನಿಲ್ಲುವ ಅವರ ಊರಿನ ಗೇಟಿನಲ್ಲಿ ಇಳಿದು ಮನೆಗೆ ನಡೆದೆ.

ಸರ್ ಅವರ ತಲೆ ಅರ್ಧ ನರೆತಿತ್ತು. ನನ್ನನ್ನು ನೋಡಿ ಸಂತೋಷಪಟ್ಟರು. ಚಾಪೆ ಹಾಸಿ, ನೀರು ತಂದುಕೊಟ್ಟರು. ನಾನು ನೀರು ಮುಟ್ಟದೆ ಹೇಳಿದೆ. ಒಂದೇ ಸಲಕ್ಕೆ, ತಲೆ ಎತ್ತದೆ ಹೇಳಿದೆ. ದೀಪ ಅದಲುಬದಲು ಮಾಡಿದ್ದು ನಾನು ಸರ್. ಆರು, ಹನ್ನೊಂದು.

ಅವರು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೀಗೆ ಹೇಳಬೇಡಿ ಮುನಿರಾಜಣ್ಣ, ತಪ್ಪು ಸಿಕ್ಕಾಗಿದೆ ಎಂದರು. ಒದ್ದೆ ಬಟ್ಟೆಯ ವಿಷಯ ಹೇಳಿದೆ. ಚೀಟಿಗಳ ವಿಷಯ ಹೇಳಿದೆ. ಮಾರನೆಯ ದಿನ ಮೀಟರು ಏನು ತೋರಿಸಿತೆಂದು ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯುತ್ತ ಹೋಯಿತು. ಎದ್ದು ಹೋಗಿ ಕಾಗದ, ಪೆನ್ನು, ಹಳೆಯ ಅಂಕಿಗಳನ್ನು ತಂದು ನೆಲದ ಮೇಲೆ ಕೂತರು. ಎರಡು ದೀಪಗಳ ಜಾಗ ಬದಲಾಯಿಸಿ ಲೆಕ್ಕ ಮಾಡತೊಡಗಿದರು. ಒಂದು ಗಂಟೆಯಾದರೂ ಹಿಡಿದಿರಬೇಕು. ನಾನು ಅವರ ಪೆನ್ನನ್ನೇ ನೋಡುತ್ತ ಕೂತಿದ್ದೆ. ಅದು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ಮಾಡಿದರು. ಮತ್ತೆ ಅಲ್ಲೇ ನಿಂತಿತು.

"ಎಲ್ಲಾ ಸರಿಹೋಗುತ್ತೆ," ಎಂದರು. ಕೋನದ ತಪ್ಪು ಹಿಡಿದಾಗ ಅರ್ಧಕ್ಕರ್ಧ ಅಂಕಿಗಳು ಕೂಡಿ ಬಂದಿರಲಿಲ್ಲವಂತೆ. ಸಾಕಾಗಿ ಅದನ್ನೇ ಒಪ್ಪಿಕೊಂಡಿದ್ದರಂತೆ. ಈಗ ಒಂದೊಂದೂ ಕೂಡಿತು. ಲೆಕ್ಕ ತೋರಿಸಿದ ಜಾಗ ಭಾಗ್ಯ ನಿಂತಿದ್ದ ಜಾಗವೇ.

ಅವರು ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು. ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು.

"ನಾನು ಕೇಳಿದ್ನಲ್ಲ ಮುನಿರಾಜಣ್ಣ," ಎಂದರು ಕೊನೆಗೆ. "ಆಸ್ಪತ್ರೆಲೇ ಕೇಳಿದ್ನಲ್ಲ."



ಅವರು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ತಂಗಿಯನ್ನು ಕರೆದರು. ಹುಳು ಹಣ್ಣಾಗಿ, ಚಂದ್ರಂಕಿಗೆ ಹಾಕುವ ದಿನ. ಗೂಡು ಕಟ್ಟಲು ಬಿದಿರಿನ ತಟ್ಟೆಗೆ ಬಿಡುವ ಮುಂಚೆ ಹಣ್ಣಾದದ್ದು ಯಾವುದು, ಆಗದ್ದು ಯಾವುದು ಎಂದು ಕಣ್ಣಿನಿಂದಲೇ ಆರಿಸಬೇಕು. ತೆರೆದ ಬಾಗಿಲಿನಿಂದ ಕಂಡೆ — ಭಾಗ್ಯ ಒಂದೊಂದು ಹುಳುವನ್ನೂ ಬಲಗಣ್ಣಿನ ಹತ್ತಿರ, ತೀರ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಬೇರೆ ಹೆಂಗಸರು ಮೂರು ಹುಳು ಆರಿಸುವಷ್ಟರಲ್ಲಿ ಅವಳದು ಒಂದು. ಕೈ ಒರೆಸಿಕೊಳ್ಳುತ್ತ ಬಂದಳು.

"ಹೇಳಿ. ಅವಳಿಗೂ ನೀವೇ ಹೇಳಿ," ಎಂದರು ಸರ್.

ಮತ್ತೆ ಮೊದಲಿನಿಂದ ಹೇಳಿದೆ. ಅಣ್ಣನಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕೇಳಿದಳು. ದೀಪದ ಮಾತಿಗೆ ಅವಳ ಮುಖದಲ್ಲಿ ಏನೂ ಕದಲಲಿಲ್ಲ. ನಾನು ಮುಗಿಸಿದ ಮೇಲೆ ಅವಳು ಕೇಳಿದ್ದು ಬೇರೆಯೇ.

"ಸ್ವಿಚ್ಚು ನಿಮ್ಮ ಕೈಲೇ ಇತ್ತಲ್ಲ?"

"ಇತ್ತಮ್ಮ."

"ಅದು ನನ್ನ ಕಡೆ ಬರೋದು ಕಾಣಿಸ್ತಿತ್ತಾ?"

"ಕಾಣಿಸ್ತಿತ್ತು."

ಅವಳು ಕಾದಳು. ನಾನು ಏನಾದರೂ ಹೇಳಬೇಕಿತ್ತು. ಭಯ ಆಯ್ತಮ್ಮ ಎಂದೆ.

"ನನಗೂ ಭಯ ಆಯ್ತು ಮುನಿರಾಜಣ್ಣ," ಎಂದಳು. "ಅಣ್ಣ ನಿಂತ್ಕೋ ಅಂದಿದ್ನಲ್ಲ, ನಿಂತಿದ್ದೆ."

ಸರ್ ಮುಖ ಆ ಕಡೆ ತಿರುಗಿಸಿಕೊಂಡರು. ಅವಳು ಅವರ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟಳು. ಸೊಪ್ಪಿನ ಹಸಿರು ಹತ್ತಿದ ಕೈ. ನಿನ್ನ ಲೆಕ್ಕ ಸರಿಯಿತ್ತಂತಲ್ಲಣ್ಣ ಎಂದಳು, ಮಗುವಿಗೆ ಹೇಳುವ ಹಾಗೆ. ಆಮೇಲೆ ಹುಳ ಕಾಯೋದಿಲ್ಲ ಎಂದು ಹೇಳಿ ಹಿತ್ತಲಿಗೆ ಹೋದಳು. ನನ್ನನ್ನು ಕೂರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಸರ್ ಗೇಟಿನವರೆಗೆ ಬರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೇನೋ ಎಂದು — ಅದನ್ನು ಪಡೆದುಕೊಂಡು ಬರುವ ಮುಖ ನನಗಿರಲಿಲ್ಲ.

ಸೋಮವಾರ ಎರಡು ಪುಟ ಬರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಈಗಿನವರು ಹೊಸಬರು, ಆಗ ಇದ್ದವರಲ್ಲ. ಚೀಟಿ, ಹಾಳೆ, ಸ್ವಿಚ್ಚು, ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ ಮಾತು, ವಿಚಾರಣೆಯಲ್ಲಿ ಹೇಳಿದ್ದು, ಎಲ್ಲ ಬರೆದಿದ್ದೆ. ಹಳೆಯ ಫೈಲನ್ನು ತೆಗೆಸಿ, ತಪ್ಪು ಆನಂದ್ ಅವರದಲ್ಲ ಎಂದು ಬರಹದಲ್ಲಿ ಅವರಿಗೆ ತಿಳಿಸಬೇಕು, ನನ್ನ ಮೇಲೆ ಯಾವ ಕ್ರಮ ಬೇಕಾದರೂ ತೆಗೆದುಕೊಳ್ಳಬಹುದು ಎಂದು ಕೊನೆಯಲ್ಲಿ ಸೇರಿಸಿದ್ದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು. ಇನ್ನೊಂದು ವರ್ಷಕ್ಕೆ ನಿವೃತ್ತಿ, ಈಗ ಇದೆಲ್ಲ ಯಾಕೆ ಎಂದು ಮೃದುವಾಗಿಯೇ ಕೇಳಿದರು. ಪೆನ್ಷನ್ನು, ಮನೆಯವರು, ಕಾಲೇಜಿನ ಹೆಸರು — ಒಂದೊಂದಾಗಿ ಎತ್ತಿ ತೋರಿಸಿದರು. ಅವರು ಹೇಳಿದ ಪ್ರತಿಯೊಂದಕ್ಕೂ ನನಗೆ ಹೆದರಿಕೆ ಇತ್ತು. ಅವರು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

ನಾನು ಅದನ್ನು ತಿರುಗಿ ಅವರ ಕಡೆಗೆ ಸರಿಸಿದೆ.

"ಇಟ್ಕೊಳ್ಳಿ ಸರ್," ಎಂದೆ. "ಸಹಿ ಮಾಡಿದೀನಿ."